ಅಂಗೈಯ ಮೇಲೊಂದು ತೊಟ್ಟು

ಕರಿಬೇವು ಚಟಪಟ ಸಿಡಿಯಿತು, ಹಿಂಗಿನ ಘಮದ ಜೊತೆಗೇ ಅಡುಗೆಮನೆ ಬಾಗಿಲಿನ ದುಂಡು ಗಾಜಿನಾಚೆ ಅಪ್ಪನ ಬಿಳಿ ಅಂಗಿ — ಬಂದೇಬಿಟ್ಟರಲ್ಲ, ಹೋಟೆಲಿನವ ಹೋಟೆಲಿನಲ್ಲಿ ಉಣ್ಣುವುದಿಲ್ಲ ಮಾರಾಯ್ತಿ ಎಂದು ಒಂಬತ್ತು ವರ್ಷ ಜಾರಿಕೊಂಡವರು, ಇವತ್ತು ದಹಿಸರ್‌ನಿಂದ ಲೋಕಲ್ ಹಿಡಿದು ಬಾಂದ್ರಾಕ್ಕೆ, ಮಗಳ ಹೋಟೆಲಿಗೆ, ಬೆಳಿಗ್ಗೆ ತಿಂಡಿಯನ್ನೂ ತಿಂದಿಲ್ಲವಂತೆ, ಜ್ಯೋತ್ಸ್ನಾಳಿಗೆ ನಗು ಬಂತು, ಹೆದರಿಕೆ ಕೂಡ, ಪತ್ರಿಕೆಯವರು ರುಚಿ ನೋಡಲು ಬಂದಾಗಲೂ ಇಲ್ಲದ್ದು, ಗೋಡೆಯಲ್ಲಿ ಅಷ್ಟೊಂದು ಪ್ರಶಸ್ತಿಗಳಿದ್ದರೇನು, ಅಪ್ಪ, ಅಡುಗೆಯ ಕಾಂತಪ್ಪ, ಒಮ್ಮೆ ಒಪ್ಪಬೇಕು, ಇವಳೂ ಅಡುಗೆಯವಳು ಎಂದು, ಅಷ್ಟೇ ಬೇಕಾದದ್ದು. ಇಲ್ಲಿಯ ಊಟವೆಂದರೆ ಒಂದಾದ ಮೇಲೊಂದು ಏಳು ಪುಟ್ಟ ತಟ್ಟೆ, ಮೊದಲು ಹುರುಳಿ ಸಾರು ಕಳಿಸಿದಳು, ಪುಟ್ಟ ಬಟ್ಟಲಲ್ಲಿ ಮೂರೇ ಗುಟುಕು, ಗಾಜಿನಿಂದ ಇಣುಕುತ್ತಾಳೆ, ಅಪ್ಪ ಚಮಚ ಪಕ್ಕಕ್ಕಿಟ್ಟು ಅಂಗೈ ಗುಳಿ ಮಾಡಿ ಒಂದು ತೊಟ್ಟು ಸುರಿದುಕೊಂಡು ನೆಕ್ಕಿದರು — ಅದೇ ಅಂಗೈ, ಫೋರ್ಟ್‌ನ ಉಡುಪಿ ಹೋಟೆಲಿನ ಹಿಂಬಾಗಿಲಲ್ಲಿ ಅಪ್ಪನ ಇಸ್ತ್ರಿ ಅಂಗಿ ಹಿಡಿದು ನಿಂತ ಹತ್ತು ವರ್ಷದ ಅವಳು ಕಣ್ಣು ಕೀಳದೆ ನೋಡುತ್ತಿದ್ದದ್ದು, ಮುಖ್ಯ ಅಡುಗೆಯವನಾದ ಅಪ್ಪನ ಅಂಗೈಗೆ ತೊಟ್ಟು ಬೀಳದೆ ಯಾವ ಪಾತ್ರೆಯೂ ಅಲ್ಲಿ ಹೊರಗೆ ಹೋಗುವಂತಿಲ್ಲ, ಅಪ್ಪಾ ನನ್ನ ಕೈಗೂ ಒಂದು ತೊಟ್ಟು, ಹೊಸ್ತಿಲು ದಾಟಬೇಡ, ಹೆಣ್ಣುಮಕ್ಕಳಿಗೆ ಹೋಟೆಲಿನ ಒಲೆ ಹತ್ತಿರ ಎಂತ ಕೆಲಸ, ಮನೆಗೆ ನಡಿ. ಅವಳು ನಡೆದದ್ದು ಕೇಟರಿಂಗ್ ಕಾಲೇಜಿಗೆ, ಅಲ್ಲಿಂದ ದೊಡ್ಡ ಹೋಟೆಲಿಗೆ, ಎರಡು ವರ್ಷ ಬರೀ ಈರುಳ್ಳಿ ಹೆಚ್ಚಿದ್ದು, ಅಳುವುದಕ್ಕೆ ಒಳ್ಳೆಯ ನೆಪವಿತ್ತು, ಕೊನೆಗೆ ಇದು, ತನ್ನದೇ ಒಲೆ, ತಿಂಗಳ ಮೊದಲೇ ಮೇಜು ಕಾದಿರಿಸುವ ಜನ.

ಬಡಿಸುವ ರೋಶನ್ ಒಳಗೆ ಬಂದ, ಮೇಡಂ, ಉಪ್ಪು ಸರಿ ಉಂಟು, ಬಡಿಸಬಹುದು ಅಂತ ಹೇಳಿದ್ರು. ಬಡಿಸಬಹುದು ಅಂದರೆ ಏನರ್ಥ, ಇಷ್ಟವಾಯಿತೋ ಇಲ್ಲವೋ, ಬೆರಳಗಲದ ಪತ್ರೊಡೆ ಹೋಯಿತು, ಚೂರು ಮುರಿದು ಬಾಯಿಗಿಟ್ಟರು, ಹುಳಿ ಸ್ವಲ್ಪ ಮುಂದುಂಟು, ಬಡಿಸಬಹುದು, ಹೌದಲ್ಲ, ಹುಳಿ ತುಸು ಹೆಚ್ಚೇ ಇತ್ತು, ಕಳ್ಳ ನಾಲಿಗೆ ಇನ್ನೂ ಮೊಂಡಾಗಿಲ್ಲ, ಏಳನೆಯ ತಟ್ಟೆಯ ಪಾಯಸಕ್ಕೂ ಬಡಿಸಬಹುದು. ಊಟ ಮುಗಿಯಿತು, ಆದರೆ ಅಪ್ಪ ಏಳುವುದಿಲ್ಲ, ಕೈಕಟ್ಟಿಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಾರೆ, ಯಾಕೆ — ಅಯ್ಯೋ ದೇವರೇ, ಏಳೂ ತಟ್ಟೆ ಅವರ ಲೆಕ್ಕದಲ್ಲಿ ಬರೀ ರುಚಿ ನೋಡುವ ತೊಟ್ಟು, ಊಟ ಇನ್ನು ಬರಬೇಕು, ಪೂರ್ತಿ ಊಟ ಮುಗಿಸಿದ ಅಪ್ಪ ಊಟಕ್ಕೆ ಕಾಯುತ್ತ ಕೂತಿದ್ದಾರೆ, ಅವಳು ಸೆರಗಿಲ್ಲದ್ದಕ್ಕೆ ಏಪ್ರನ್ನನ್ನೇ ಬಾಯಿಗೊತ್ತಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು, ನಗುತ್ತಿರುವಾಗಲೇ ದುಂಡು ಗಾಜಿನಲ್ಲಿ ಅವರ ಮುಖ, ಬಾಗಿಲು ತುಸು ತೆರೆಯಿತು, ಕಾಲು ಹೊಸ್ತಿಲಲ್ಲೇ ನಿಂತಿತು. ಒಳಗೆ ಬರಬಹುದಾ ಮಗಾ, ಎಲ್ಲ ಸರಿ ಉಂಟು, ಹಸಿವು ಜೋರುಂಟು, ಬಡಿಸುವುದು ಯಾವಾಗ? ಕೇಳುತ್ತಿದ್ದಾರೆ, ಕಾಂತಪ್ಪ, ಒಳಗೆ ಬರಬಹುದಾ ಎಂದು ಅವಳನ್ನು ಕೇಳುತ್ತಿದ್ದಾರೆ, ಬನ್ನಿ ಅಪ್ಪ, ಇಲ್ಲೇ ಕೂತುಕೊಳ್ಳಿ, ಕೆಲಸದವರ ಊಟಕ್ಕೆ ಮಾಡಿದ ಅನ್ನ ಉಂಟು, ಬಸಳೆ ಸಾಂಬಾರು ಉಂಟು. ಅಪ್ಪ ನೇರ ಪಾತ್ರೆಯ ಹತ್ತಿರ ಹೋದರು, ಸೌಟು ಎತ್ತಿದರು, ಅಭ್ಯಾಸಬಲದಿಂದ ಎಡಗೈ ಗುಳಿಯಾಯಿತು, ಮತ್ತೆ ಬಿಚ್ಚಿಕೊಂಡಿತು. ಕೈ ಹಿಡಿ. ಯಾಕಪ್ಪಾ? ನಿನ್ನ ಅಡುಗೆಮನೆ ಅಲ್ವಾ, ನೀನು ನೋಡದೆ ನಾನು ಹೇಗೆ ಉಣ್ಣುವುದು? ಬಿತ್ತು, ಬಿಸಿಯಾಗಿ, ನೆಕ್ಕಬೇಕು, ಉಪ್ಪು ಹೇಳಬೇಕು, ಅಪ್ಪ ಹಸಿದಿದ್ದಾರೆ, ಸೌಟು ಹಿಡಿದು ಕಾಯುತ್ತಿದ್ದಾರೆ, ಆದರೆ ಕೈ ಮೇಲೇಳುತ್ತಿಲ್ಲ, ಅಂಗೈ, ತನ್ನ ಅಂಗೈ, ಅದರ ಗುಳಿಯಲ್ಲಿ ಆ ಒಂದು ತೊಟ್ಟು.