ಅವ್ವ ಹೇಳಿದ ಹುಟ್ಟಿದ ದಿನಗಳು

ಮಲ್ಲಿಕಾರ್ಜುನನ ಮನೆಯಲ್ಲಿ ಯಾವ ಮಗುವಿನ ಹುಟ್ಟುಹಬ್ಬವಿದ್ದರೂ ಕೇಕಿಗಿಂತ ಮೊದಲು ಅಕ್ಕಲಕೋಟೆಯಿಂದ ಅವ್ವ ಬರಬೇಕು. ಸೋಲಾಪುರದ ಸಾತ್ ರಸ್ತಾ ಬಳಿಯ ಹೋಟೆಲಿನಲ್ಲಿ ಎಲ್ಲರೂ ಕೂತು ಆರ್ಡರ್ ಕೊಟ್ಟ ಮೇಲೆ, ಊಟ ಬರುವ ತನಕ ಆ ಮಗು ಹುಟ್ಟಿದ ದಿನದ ಕಥೆಯನ್ನು ಅವ್ವ ಹೇಳಬೇಕು. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಆದರೆ ಆ ಮನೆಯ ಮಕ್ಕಳಿಗೆ ಇದನ್ನು ಬಿಟ್ಟು ಬೇರೆ ಶಾಸ್ತ್ರ ಬೇಕಾಗಿರಲಿಲ್ಲ. ಹೋಟೆಲಿನವರು ಎಷ್ಟು ತಡಮಾಡಿದರೂ ಯಾರೂ ಗೊಣಗುತ್ತಿರಲಿಲ್ಲ. ತಡವಾದಷ್ಟೂ ಕಥೆ ಉದ್ದವಾಗುತ್ತಿತ್ತು.

ಅವ್ವ, ಅಂದರೆ ಸೀತಾಬಾಯಿ, ಅಕ್ಕಲಕೋಟೆಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಳು. ಎಪ್ಪತ್ತು ದಾಟಿದ್ದರೂ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿಯುವ ಕಸುವಿತ್ತು. ಆದರೆ ತೊಂಬತ್ತೆಂಟರ ಆಗಸ್ಟಿನಲ್ಲಿ ಮೊಮ್ಮಗ ಅಮೇಯನ ಹುಟ್ಟುಹಬ್ಬದ ದಿನ ಆಕೆ ಕಥೆ ತಪ್ಪಿದಳು. ಅಮೇಯ ಹುಟ್ಟಿದ್ದು ಸೋಲಾಪುರದ ದವಾಖಾನೆಯಲ್ಲಿ. ಆಕೆ ಅವನನ್ನು ಟಾಂಗಾದಲ್ಲಿ ಹುಟ್ಟಿಸುವುದರಲ್ಲಿದ್ದಳು. ಟಾಂಗಾದ ಕಥೆ ಅಕ್ಕ ಪೂರ್ವಾಳದು. "ಆಯಿ, ಅದು ಅಕ್ಕಂದು! ನಂದು ಹೇಳು!" ಎಂದು ಹತ್ತು ವರ್ಷದ ಹುಡುಗ ಅಜ್ಜಿಯ ಮುಂದೆ ಮುಖ ಊದಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲಿಕಾರ್ಜುನನಿಗೆ ಮಾತ್ರ ನಗು ಬರಲಿಲ್ಲ. ಅವ್ವನ ನೆನಪು ಜಾರುತ್ತಿದೆ, ಅದು ಪೂರ್ತಿ ಜಾರುವ ಮುಂಚೆ ಈ ಕಥೆಗಳನ್ನು ಬರೆದಿಡಬೇಕು ಎಂದು ಅವತ್ತೇ ನಿಶ್ಚಯಿಸಿದ.

ಅವನೊಬ್ಬ ಕಾಲೇಜಿನ ಹೆಡ್‌ಕ್ಲಾರ್ಕ್. ಇಪ್ಪತ್ತೆರಡು ವರ್ಷ ಗೆದ್ದಲು ತಿಂದ ರಜಿಸ್ಟರುಗಳ ನಡುವೆ ಕಳೆದವನಿಗೆ ಕಾಗದದ ಮೇಲೆ ನಂಬಿಕೆಯೇ ಉಳಿದಿರಲಿಲ್ಲ. ನಂಬಿಕೆಯಿದ್ದದ್ದು ಕಂಪ್ಯೂಟರಿನ ಮೇಲೆ. ಆಫೀಸಿಗೆ ಹೊಸದು ಬಂದಾಗ ಹಳೆಯದನ್ನು ಮನೆಗೆ ತಂದುಕೊಂಡಿದ್ದ. ಪ್ರಿಂಟಿಂಗ್ ಪ್ರೆಸ್ಸಿನ ರಾಚಪ್ಪ ಅದಕ್ಕೆ ಕನ್ನಡ ಅಕ್ಷರಗಳನ್ನು ಹಾಕಿಕೊಟ್ಟಿದ್ದ. ದೀಪಾವಳಿಗೆ ಬಂದ ಅವ್ವನನ್ನು ಮಲ್ಲಿಕಾರ್ಜುನ ಒಂದು ತಿಂಗಳು ಬಿಡದೆ ಉಳಿಸಿಕೊಂಡ. ಆಕೆ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಹೇಳುತ್ತಿದ್ದಳು, ಇವನು ಎರಡೇ ಬೆರಳಿನಲ್ಲಿ ಕುಟ್ಟುತ್ತಿದ್ದ.

"ಸ್ವಲ್ಪ ತಡಿ ಅವ್ವಾ, ಒತ್ತಕ್ಷರ ಸಿಗವಲ್ದು."

"ನೀ ಹುಡುಕೂದ್ರಾಗ ಕೂಸಿಗಿ ಹಲ್ಲ ಬರ್ತಾವ ನೋಡ," ಎನ್ನುತ್ತಿದ್ದಳು ಸೀತಾಬಾಯಿ.

ಹನ್ನೊಂದು ಪುಟಗಳಾದವು. ಪೂರ್ವಾ, ಅಮೇಯ, ಅಕ್ಕಲಕೋಟೆಯ ತಮ್ಮನ ಮಕ್ಕಳು, ಎಲ್ಲರೂ ಅದರಲ್ಲಿ ಬಂದರು. ಕೊನೆಯ ಎರಡು ಪುಟ ಮಲ್ಲಿಕಾರ್ಜುನನವು. ಅವನ ಸರ್ಟಿಫಿಕೇಟಿನಲ್ಲಿ ಜೂನ್ ಒಂದು ಎಂದಿತ್ತು. ಶಾಲೆಯ ಮಾಸ್ತರರು ಆ ವರ್ಷ ಅರ್ಧ ಕ್ಲಾಸನ್ನು ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ಅವನ ಹುಟ್ಟುಹಬ್ಬವನ್ನು ಯಾರೂ ಮಾಡಿದವರಲ್ಲ, ಅವನ ಕಥೆಯನ್ನು ಯಾವ ಹೋಟೆಲಿನಲ್ಲೂ ಯಾರೂ ಹೇಳಿರಲಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದ. ಅವ್ವ ಒಂದಿಡೀ ಮಧ್ಯಾಹ್ನ ಹೇಳಿದಳು, ನಡುವೆ ಒಮ್ಮೆ ಕಣ್ಣೊರೆಸಿಕೊಂಡಳು. ಇವನ ಕಣ್ಣು ಕೀಬೋರ್ಡಿನ ಮೇಲಿತ್ತು. ಒಂದೊಂದೇ ಅಕ್ಷರ ಕೂಡಿಸುವ ಗಡಿಬಿಡಿಯಲ್ಲಿ ಕಥೆ ತಲೆಗೆ ಹತ್ತಲಿಲ್ಲ. ಆಮೇಲೆ ನಿಧಾನವಾಗಿ ಓದಿದರಾಯಿತು ಎಂದುಕೊಂಡ.

ಫೆಬ್ರವರಿಯಲ್ಲಿ ಪೂರ್ವಾಳಿಗೆ ಹದಿನಾರು ತುಂಬುವ ದಿನ ಬಂತು. ಹನ್ನೊಂದೂ ಪುಟ ಪ್ರಿಂಟ್ ತೆಗೆದು ರಾತ್ರಿ ಹೋಟೆಲಿನಲ್ಲಿ ಅವ್ವನ ಕೈಗೆ ಕೊಡಬೇಕೆಂದು ಅವನ ಆಸೆ. ಆದರೆ ಡಿಸ್ಕು ತುಂಬಿ ಹೋಗಿತ್ತು. ಪ್ರಿಂಟ್ ಕೊಟ್ಟಾಗಲೆಲ್ಲ ಜಾಗವಿಲ್ಲ ಎನ್ನುತ್ತಿತ್ತು. ಬೆಳಿಗ್ಗೆ ಆಫೀಸಿಗೆ ಹೊರಟವನು, "ಪೂರ್ವಾ, ಅದರಾಗಿನ ಬ್ಯಾಡಾದ್ದೆಲ್ಲಾ ತಗದ ಜಾಗಾ ಮಾಡವಾ," ಎಂದು ಹೇಳಿ ಹೋದ.

ಪೂರ್ವಾ ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವ ಹುಡುಗಿಯಲ್ಲ. ಮೊದಲು ತನ್ನ ಆಟಗಳನ್ನೇ ಅಳಿಸಿದಳು. ಆಮೇಲೆ ಒಂದು ಫೋಲ್ಡರ್ ಕಣ್ಣಿಗೆ ಬಿತ್ತು. ಒಳಗಿದ್ದ ಕಡತವನ್ನು ತನಗೆ ಗೊತ್ತಿದ್ದ ರೀತಿಯಲ್ಲಿ ತೆರೆದರೆ ತುಂಬಾ ವಿಚಿತ್ರ ಗುರುತುಗಳು, ಇಂಗ್ಲಿಷೂ ಅಲ್ಲ, ಮರಾಠಿಯೂ ಅಲ್ಲ. ರಾಚಪ್ಪನ ಕನ್ನಡ ಅವನ ಪ್ರೋಗ್ರಾಮಿನ ಹೊರಗೆ ಹಾಗೆಯೇ ಕಾಣುತ್ತಿತ್ತು. ವೈರಸ್ ಹೊಕ್ಕರೆ ಅಕ್ಷರ ಕೆಡುತ್ತವೆ ಎಂದು ಕ್ಲಾಸಿನಲ್ಲಿ ಯಾರೋ ಹೇಳಿದ್ದರು. ಫೋಲ್ಡರಿಗೆ ಫೋಲ್ಡರನ್ನೇ ಅಳಿಸಿ, ಕಂಪ್ಯೂಟರಿನೊಳಗಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಸಂಜೆ ಅಪ್ಪ ಹೊಸ ಕಾಗದದ ಕಟ್ಟು ಹಿಡಿದು ಒಳಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು. "ಪಪ್ಪಾ, ಭರಪೂರ ಜಾಗಾ ಆಗ್ಯಾದ! ವೈರಸ್ ಸುದ್ಧಾ ತಗದ ಹಾಕೀನಿ!"

ಐದು ನಿಮಿಷದಲ್ಲಿ ಮಲ್ಲಿಕಾರ್ಜುನನಿಗೆ ಆಗಿದ್ದೇನೆಂದು ತಿಳಿಯಿತು. ರಾಚಪ್ಪನಿಗೆ ಫೋನ್ ಹಚ್ಚಿದ.

"ಬುಟ್ಟಿ ಖಾಲಿ ಮಾಡ್ಯಾರಂದ್ರ ನನ್ನ ಕೈಲಿ ಆಗಂಗಿಲ್ರಿ ಸಾಹೇಬ್ರ. ಫ್ಲಾಪಿದಾಗ ಕಾಪಿ ಇಟ್ಟೀರಿಲ್ಲೋ?"

ಇಟ್ಟಿದ್ದ! ಜೀವ ಬಂದಂತಾಗಿ ಕಬ್ಬಿಣದ ಕಪಾಟಿಗೆ ಓಡಿದ. ಫ್ಲಾಪಿ ಕಪಾಟಿನ ಬಾಗಿಲಿಗೆ ಅಂಟಿಕೊಂಡು ನಿಂತಿತ್ತು. ಅದನ್ನು ಹಿಡಿದಿಟ್ಟದ್ದು ಗಾಡಿಗೆ ಹಚ್ಚುವಂಥ ಒಂದು ದೊಡ್ಡ ಅಯಸ್ಕಾಂತ, ಮೇಲೆ ಅಕ್ಕಲಕೋಟೆ ಸ್ವಾಮಿಗಳ ಚಿತ್ರ.

"ಎಲ್ಲೆರೆ ಕಳದ ಹೋದೀತಂತ ನಾನ ಸ್ವಾಮಿಗೋಳ ಕೈಯಾಗ ಕೊಟ್ಟಿದ್ನಿರಿ," ಎಂದಳು ಹೆಂಡತಿ ಶಾರದಾಬಾಯಿ.

ಕಂಪ್ಯೂಟರು ಆ ಫ್ಲಾಪಿಯನ್ನು ಕರಕರ ಅಗಿದು, ಓದಲಾಗದು ಎಂದಿತು. ಅಯಸ್ಕಾಂತದ ಮಾತು ಕೇಳಿ ಫೋನಿನ ಆ ಕಡೆ ರಾಚಪ್ಪ, ಅದು ಫ್ಲಾಪಿಯಲ್ಲಿದ್ದುದನ್ನೆಲ್ಲ ಒರೆಸಿಹಾಕುತ್ತದೆ ಎಂದ. ಮಲ್ಲಿಕಾರ್ಜುನನಿಗೆ ಹೆಂಡತಿಯನ್ನು ಬೈಯಬೇಕೆನಿಸಿತು. ಆದರೆ ನಡುವೆ ಸ್ವಾಮಿಗಳಿದ್ದರು. ಉಳಿದವಳು ಮಗಳು.

"ಕನ್ನಡ ಅದ ಅನ್ನೂದರೆ ತಿಳೀಲಿಲ್ಲೇನ ನಿನಗ?"

ಪೂರ್ವಾಳ ಕಣ್ಣು ತುಂಬಿತು. "ಅದು ಕನ್ನಡದಂಗ ಇರಲೇ ಇಲ್ಲ ಪಪ್ಪಾ. ಇದ್ದಿದ್ರೂ ನನಗ ಓದಾಕ ಎಲ್ಲಿ ಬರ್ತಿತ್ತು? ನೀವು ಕಲಿಸೀರೇನು?"

ಮಕ್ಕಳನ್ನು ಮರಾಠಿ ಶಾಲೆಗೆ ಹಾಕಿದ್ದು ಅವನೇ. ರಾಚಪ್ಪನನ್ನು ಎರಡು ಸಲ ಮನೆಗೆ ಕರೆಸಿ ಕಂಪ್ಯೂಟರಿಗೆ ಕನ್ನಡ ಕಲಿಸಿದವನು, ಮಗಳನ್ನು ಒಂದು ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು ಅ ಆ ತಿದ್ದಿಸಿರಲಿಲ್ಲ. ತನ್ನ ಮೇಲೆಯೇ ನಾಚಿಕೆಯಾಯಿತು. "ಅವ್ವಗ ಯಾರೂ ಹೇಳಬ್ಯಾಡ್ರಿ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಎಂಟು ಗಂಟೆಗೆ, ಅಕ್ಕಲಕೋಟೆಯಿಂದ ಬಂದ ಅವ್ವನೂ ಸೇರಿ, ಎಲ್ಲರೂ ಹೋಟೆಲಿನಲ್ಲಿದ್ದರು. ಸೂಪು, ತಂದೂರಿ ರೊಟ್ಟಿ, ಪನೀರು, ಅವ್ವನಿಗೆ ಬೇರೆಯಾಗಿ ದಾಲು, ಅನ್ನ. ಮಾಣಿ ಬರೆದುಕೊಂಡು ಹೋದ ಮೇಲೆ ಸೀತಾಬಾಯಿ ಸೆರಗು ಸರಿಮಾಡಿಕೊಂಡಳು.

"ಪೂರ್ವಾ ಹುಟ್ಟಿದ ದಿನ... ನಿಮ್ಮವ್ವನ್ನ ತವರಮನಿಗಿ ಕಳಸಾಕ ಬಸ್‌ಸ್ಟ್ಯಾಂಡಿಗಿ ಹೋಗಿದ್ದಿವಿ. ವಾಗದರಿ ಬಸ್ಸು..." ಎಂದವಳು ಅಲ್ಲಿಗೇ ನಿಂತಳು. ತುಟಿ ಅಲುಗಿತು, ಮಾತು ಬರಲಿಲ್ಲ.

"ವಾಗದರಿ ಬಸ್ಸು ಬರಲೇ ಇಲ್ಲ," ಎಂದಳು ಪೂರ್ವಾ. "ನಮ್ಮವ್ವಗ ಅಲ್ಲೇ ಬ್ಯಾನಿ ಸುರು ಆತು. ನೀ ಟಾಂಗಾದಾಂವಗ ಕೈ ಮಾಡಿದಿ ಆಯಿ. ಆ ಖೋಡಿ ಕುದುರಿ ನಡುದಾರ್ಯಾಗ ಹುಲ್ಲಿನ ಹೊರಿ ಕಂಡು ನಿಂತಬಿಡ್ತು. ನೀ ಕೆಳಗಿಳದು ಅದರ ಕಿವ್ಯಾಗ ಏನೋ ಅಂದಿ..."

"ಏನಂದೆ?" ಸೀತಾಬಾಯಿ ಮುಂದಕ್ಕೆ ಬಾಗಿದಳು.

"ನಿನಗೂ ಒಬ್ಬಾಕಿ ಅವ್ವ ಅದಾಳಿಲ್ಲೋ, ನಡಿಯಪಾ ಅಂದಿ."

ಮುದುಕಿ ಹಲ್ಲಿಲ್ಲದ ಬಾಯಲ್ಲಿ ಮನಸಾರೆ ನಕ್ಕಳು. ಪೂರ್ವಾ ಒಂದು ಮಾತೂ ಬಿಡದೆ ಕೊನೆಯ ತನಕ ಹೇಳಿದಳು. ನಡುವೆ ಅಮೇಯ ತನ್ನದನ್ನೂ ಶುರುಮಾಡಿದ. ಮಲ್ಲಿಕಾರ್ಜುನನ ಎದೆ ಹಗುರವಾಯಿತು. ವರ್ಷ ವರ್ಷ ಇಲ್ಲಿ ಕೂತು ಕೇಳಿದ್ದು ಮಕ್ಕಳಿಗೆ ಬಾಯಿಪಾಠವಾಗಿತ್ತು, ಅದನ್ನು ಯಾರೂ ಅಳಿಸುವಂತಿರಲಿಲ್ಲ.

ಆಗಲೇ ಅವನಿಗೆ ತನ್ನ ಎರಡು ಪುಟ ನೆನಪಾದವು. ನೆನಪಿಸಿಕೊಳ್ಳಲು ನೋಡಿದ. ಒಂದು ಬಾವಿ ಇತ್ತು. ಯಾರೋ ಹಸಿರು ಸೀರೆಯುಟ್ಟವರು ಬಂದಿದ್ದರು. ಅದರಾಚೆಗೆ ಏನೂ ಇಲ್ಲ.

ಅವ್ವನ ತಟ್ಟೆಗೆ ಅನ್ನ ಬಡಿಸುತ್ತ ಮೆಲ್ಲಗೆ ಕೇಳಿದ: "ಅವ್ವಾ, ನಾ ಹುಟ್ಟಿದ ದಿನದ್ದು ಇನ್ನೊಮ್ಮಿ ಹೇಳ."

ಸೀತಾಬಾಯಿ ಅವನ ಮುಖ ನೋಡಿದಳು.

"ಈಗ ನೆನಪಿಗಿ ಬರವಲ್ದು ಮಲ್ಲೂ," ಎಂದಳು. ದನಿಯಲ್ಲಿ ಚೂರೂ ದುಃಖವಿರಲಿಲ್ಲ. "ಬರಲಿಕ್ಕಂದ್ರ ಏನಾತು? ಇಷ್ಟ ವರ್ಷ ನಾನೊಬ್ಬಾಕಿನ ಅದನ್ನ ಹಿಡಕೊಂಡ ಕುಂತಿದ್ದೆ, ಎಲ್ಲಿ ಮರತೇನೋ ಅಂತ ಅಂಜಿಕೊಂಡ. ಅವತ್ತ ನೀ ಎಲ್ಲಾ ಬರಕೊಂಡಿ ನೋಡ, ಅವತ್ತ ಬಿಟ್ಟೆ. ಜೀವಕ್ಕ ಆರಾಮ ಆತು."

ಎದುರಿಗೆ ಪೂರ್ವಾ ತಲೆ ತಗ್ಗಿಸಿದಳು.

"ಹೌದವ್ವಾ," ಎಂದ ಮಲ್ಲಿಕಾರ್ಜುನ. "ಎಲ್ಲಾ ಬರಕೊಂಡೀನಿ."