ವ್ಯಾನಿನ ನೆತ್ತಿಯ ಮೇಲೆ ನಿವೇದಿತಾ

ಹ್ಯೂಸ್ಟನ್ನಿನ ಪಕ್ಕದ ಕೇಟಿ ಎಂಬ ಊರಿನಲ್ಲಿ, ಒಂದು ಬಡಾವಣೆಯ ಮಟ್ಟಿಗೆ, ಹಲ್ಲಿನ ಡಾಕ್ಟರ್ ನಿವೇದಿತಾಳನ್ನು ಅರಿಯದವರಿರಲಿಲ್ಲ. ಅಲ್ಲಿನ ಅರ್ಧ ಜನರ ಬಾಯೊಳಗೆ ಅವಳು ಇಣುಕಿ ನೋಡಿದ್ದಳು. ವರ್ಷಗಟ್ಟಲೆ ಕಂಡವರ ಬಾಯಿಯ ಕತ್ತಲನ್ನೇ ನೋಡಿ ಬೇಸತ್ತು, ಹೋದ ತಿಂಗಳು ಆಸ್ಟಿನ್‌ಗೆ ಹೋಗಿ ನಿವೃತ್ತ ಮೇಷ್ಟ್ರೊಬ್ಬರ ಹಳೇ ಕ್ಯಾಂಪರ್ ವ್ಯಾನನ್ನು ಕೊಂಡು, ತಾನೇ ಡ್ರೈವ್ ಮಾಡಿಕೊಂಡು ಬಂದಳು. ಒಳಗೆ ಮಂಚ, ಪುಟ್ಟ ಒಲೆ, ಕಿಟಕಿಗೆ ಪರದೆ. ಮೇಲೆ ಫೈಬರ್‌ಗ್ಲಾಸಿನ ಎತ್ತರದ ಛಾವಣಿ. ಅದರ ಮೂಲ ಬಣ್ಣ ಬಿಳಿಯಂತೆ. ನಂಬುವವರು ನಂಬಬೇಕು.

"ಪಾಚಿಗಟ್ಟಿದ ಬಾವೀನ ಬೋರಲು ಹಾಕಿ ಗಾಲಿ ಹಚ್ಚಿದಂಗ ಅದ," ಎಂದ ಗಂಡ ಕಲ್ಮೇಶ. ಅವನು ಪೈಪ್‌ಲೈನ್ ಎಂಜಿನಿಯರ್. ಹೊಸದಾಗಿ ಹೊಳೆಯದ ಯಾವ ವಸ್ತುವನ್ನೂ ನಂಬುವವನಲ್ಲ. ಅತ್ತೆ ಸುಮಿತ್ರವ್ವ ಮಾತ್ರ ಒಳಗೆಲ್ಲ ಅಡ್ಡಾಡಿ, "ಅಡಿಗಿಮನಿ ಸುದ್ದಾ ಗಾಲಿ ಮ್ಯಾಲೆ! ಛಲೋ ಮಾಡಿದಿ ಬಿಡು," ಎಂದಳು.

ಆ ಶನಿವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆಯೇ ನಿವೇದಿತಾ ಏಣಿ ಹಚ್ಚಿ ಛಾವಣಿ ಹತ್ತಿದಳು. ಓಕ್ ಮರದ ಹಳದಿ ಪರಾಗ, ಅದರ ಕೆಳಗೆ ಹಸಿರು ಪಾಚಿ, ಅದರ ಕೆಳಗೆ ಬಿಸಿಲಿಗೆ ಸವೆದು ಬೆರಳಿಗೆ ಸುಣ್ಣದಂತೆ ಹತ್ತುವ ಬಣ್ಣದ ಪುಡಿ. ಅವಳಿಗೆ ಇದೆಲ್ಲ ಗುರುತಿನ ಕೆಲಸವೇ: ಮೊದಲು ಕೊಳೆ ತೆಗೆಯಬೇಕು, ಗೀರು ಬೀಳಬಾರದು, ಆಮೇಲೆ ಪಾಲಿಶ್. ಭಾರ ಒಂದೇ ಕಡೆ ಬೀಳದಿರಲೆಂದು ಯೋಗದ ಚಾಪೆ ಹಾಸಿ ಹೊಟ್ಟೆಯಡಿಯಾಗಿ ಮಲಗಿದಳು. ಮೂಗಿಗೆ ಮಾಸ್ಕ್, ಕಿವಿಗೆ ಹಾಡು, ಕೈಯಲ್ಲಿ ಮೆತ್ತನೆ ಬ್ರಷ್. ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

ಅಷ್ಟರಲ್ಲಿ ಕಲ್ಮೇಶ ಹೊರಗೆ ಬಂದ. ಕೆಳಗೆ ನಿಂತವರಿಗೆ ಛಾವಣಿಯ ಮೇಲೆ ಮಲಗಿದವರು ಕಾಣುವಂತಿರಲಿಲ್ಲ.

"ಯವ್ವಾ, ನಿವೇದಿತಾ ಎಲ್ಲಿ ಅದಾಳ?"

ಜಗಲಿಯಲ್ಲಿ ಮೆಂತ್ಯ ಸೋಸುತ್ತಿದ್ದ ಸುಮಿತ್ರವ್ವ, "ಮ್ಯಾಲೆ ಅದಾಳ," ಎಂದಳು.

ಕಲ್ಮೇಶ ಮಹಡಿಯ ಕಿಟಕಿ ನೋಡಿದ. "ಛಲೋ ಆತು, ಅಲ್ಲೇ ಇರ್ಲಿ," ಎಂದು, ದಾರಿಗೆ ಅಡ್ಡವಿದ್ದ ಏಣಿಯನ್ನು ಗ್ಯಾರೇಜಿನೊಳಗಿಟ್ಟು, ವ್ಯಾನ್ ಹತ್ತಿ ಕೀಲಿ ತಿರುವಿದ.

"ಏ, ಮ್ಯಾಲೆ ಅದಾಳೋ!" ಸುಮಿತ್ರವ್ವ ಮೆಂತ್ಯ ಚೆಲ್ಲಿ ಎದ್ದು ಕೂಗಿದಳು.

"ಗೊತ್ತಾತವ್ವಾ!" ಎಂದು ಅವನು ಕೈಬೀಸಿ ಹೊರಟೇಬಿಟ್ಟ.

ಛಾವಣಿ ನಡುಗಿದಾಗ ನಿವೇದಿತಾಳ ಕಿವಿಯಿಂದ ಹಾಡು ಉದುರಿತು. ಅತ್ತೆಯ ಕೂಗು ಕೇಳಿತು. ಛಾವಣಿಯ ನಡುವಿನ ಗಾಳಿಕಿಂಡಿಯ ಅಂಚನ್ನು ಎರಡೂ ಕೈಯಲ್ಲಿ ಉಡದಂತೆ ಹಿಡಿದುಕೊಂಡಳು. ಬಕೆಟ್ ಉರುಳಿ ಸೋಪಿನ ನೀರೆಲ್ಲ ಮುಂದಿನ ಗಾಜಿನ ಮೇಲೆ ಇಳಿಯಿತು. ಒಳಗಿನಿಂದ ವೈಪರ್ ಚಾಲೂ ಆಯಿತು. ಮಹಾನುಭಾವ ಅಷ್ಟಕ್ಕೇ ಸುಮ್ಮನಾದ.

"ರೀ! ನಿಲ್ಲಸ್ರೀ!" ಎಂದು ಕಿರುಚಿದಳು. ಮಾಸ್ಕಿನೊಳಗಿಂದ ಮಾತು ಹೊರಡಲಿಲ್ಲ. ಮಾಸ್ಕ್ ತೆಗೆಯೋಣವೆಂದರೆ ಕೈ ಬಿಡುವಂತಿಲ್ಲ. ಮೊಣಕಾಲಿನಿಂದ ಛಾವಣಿಗೆ ಗುದ್ದಿದಳು. ಧಬ್, ಧಬ್. ವ್ಯಾನು ನಿಧಾನವಾಯಿತು, ನಿಲ್ಲಲಿಲ್ಲ.

ನಾಯಿ ಹಿಡಿದು ಹೊರಟಿದ್ದ ನೆರೆಮನೆಯಾಕೆ ಕೈಬೀಸಿದಳು. ನಿವೇದಿತಾ ಮರ್ಯಾದೆಗೆ ತಲೆಯಾಡಿಸಿದಳು. ಮುಂದೆ ಬೇಲಿಗಳಾಚೆಯ ಹಿತ್ತಿಲುಗಳೆಲ್ಲ ಕಾಣತೊಡಗಿದವು. ಒಂದರಲ್ಲಿ, ಸಕ್ಕರೆ ಮುಟ್ಟಕೂಡದೆಂದು ಅವಳೇ ತಾಕೀತು ಮಾಡಿದ್ದ ಮುದುಕನೊಬ್ಬ ಡೋನಟ್ ತಿನ್ನುತ್ತ ಕೂತಿದ್ದ. ತಲೆಯೆತ್ತಿದವನು, ಆಕಾಶಮಾರ್ಗದಲ್ಲಿ ತೇಲಿ ಬರುತ್ತಿದ್ದ ತನ್ನ ಡಾಕ್ಟರನ್ನು ಕಂಡು, ಡೋನಟನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಬಡಾವಣೆಯ ಕೊನೆಗೆ, ವೆಂಕಟಗಿರಿಯ ಮನೆಯ ಮುಂದೆ ವ್ಯಾನು ನಿಂತಿತು. ವೆಂಕಟಗಿರಿ ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ಎಂಜಿನ್ ರಿಪೇರಿಯ ವಿಡಿಯೋ ನೋಡಿ ನೋಡಿ ತಾನೇ ಪಂಡಿತನಾಗಿದ್ದ. ನಿವೇದಿತಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ಗಂಡನ ಮಾತು ಕಿವಿಗೆ ಬಿತ್ತು.

"ಗಿರಿಯವ್ರ, ನೀವು ನೋಡಿದಂಗ ಆಗ್ಲಿ ಅಂತ ಗಾಡಿ ತಂದೀನಿ. ನಾ ಹೇಳಿದ್ದು ನೆನಪದ ಅಲ್ಲ? ಸಂಜಿಗೆ ಬಂದು, ಎಂಜಿನ್ ಹಾಳಾಗೇದ ಅಂತ ಅಕಿ ಮುಂದ ಒಂದ್ ಮಾತು ಹೇಳಿಬಿಡ್ರಿ. ತಾನಾಗೇ ಮಾರ್ತಾಳ."

"ಸುಳ್ಳು ಹೇಳೋದಾ? ಮುಂದಿನ ವಾರ ನಂಗೆ ರೂಟ್ ಕೆನಾಲ್ ಮಾಡೋರೇ ಅವರು ಕಣ್ರೀ!"

"ಸುಳ್ಳು ಬೇಕಾಗಿಲ್ಲ. ದೇವರು ದೊಡ್ಡಾಂವ. ದಾರಿಯೊಳಗ ಖರೇನ ಸಪ್ಪಳ ಶುರು ಆತು."

ಮೇಲಿದ್ದವಳಿಗೆ ಭಯ ಹೋಗಿ ಸಿಟ್ಟು ನೆತ್ತಿಗೇರಿತು. ಮುಷ್ಟಿ ಕಟ್ಟಿ ಒಂದು ಗುದ್ದಿದಳು. ಧಬ್!

ಕೆಳಗೆ ಇಬ್ಬರೂ ಬಾನೆಟ್ಟಿಗೆ ಕಿವಿಗೊಟ್ಟರು.

"ಎಂಜಿನ್ ಆಫ್ ಮಾಡಿದೀರಿ ತಾನೆ?" ವೆಂಕಟಗಿರಿ ಕೇಳಿದ.

"ಮಾಡೀನ್ರಿ. ಕೀಲಿ ಕೈಯಾಗದ."

"ಆಫ್ ಆದ್ಮೇಲೂ ಹೊಡೀತಿದೆ ಅಂದ್ರೆ... ಪಿಸ್ಟನ್ನೇ. ಅನುಮಾನವೇ ಇಲ್ಲ."

"ಸಪ್ಪಳ ಮ್ಯಾಲಿಂದ ಬಂದಂಗಾತಲ್ರೀ?"

"ಹಳೇ ಗಾಡೀಲಿ ಶಬ್ದ ಓಡಾಡುತ್ತೆ."

"ಪಿಸ್ಟನ್ ಅಲ್ಲ, ನಾನು!"

ಮಾಸ್ಕ್ ಕಿತ್ತೆಸೆದು ಎದ್ದು ಕೂತಳು. ಕೂದಲಿಗೆ ನೊರೆ, ಮುಖಕ್ಕೆಲ್ಲ ಹಳದಿ ಪರಾಗ. ಥೇಟ್ ಮೈಮೇಲೆ ದೇವಿ ಬಂದಂತೆ. ವೆಂಕಟಗಿರಿಯ ಕೈ ತಾನಾಗಿ ನೋಯುವ ದವಡೆಗೆ ಹೋಯಿತು.

ಕಲ್ಮೇಶನ ಮುಖ ಮಾತ್ರ ಬಿಳಿಚಿಕೊಂಡಿತು. ಅವಳನ್ನು ನೋಡಿದ, ತಾನು ಬಂದ ದಾರಿ ನೋಡಿದ, ಫುಟ್‌ಪಾತಿನ ಅಂಚಿಗೆ ಕುಸಿದು ಕೂತ. "ನೀ ಬಿದ್ದಿದ್ರ?" ಎಂದ. ಮತ್ತೆ ಅದನ್ನೇ ಅಂದ. ಕೈಯಲ್ಲಿದ್ದ ಕೀಲಿ ಜಾರಿ ರಸ್ತೆಗೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ನಿವೇದಿತಾಳ ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಅದನ್ನು ನೋಡಿ ಒಂದೊಂದೇ ಹಿಂದೆ ಸರಿದವು.

"ಬಿದ್ದಿಲ್ಲ. ಮೊದಲ ಏಣಿ ತರ್ರಿ," ಎಂದಳು.

ವೆಂಕಟಗಿರಿಯ ಏಣಿಯಿಂದ ಇಳಿದು ಗಂಡನ ಪಕ್ಕ ಕೂತಳು. "ವ್ಯಾನ್ ಬ್ಯಾಡಾಗಿತ್ತಂದ್ರ ನನಗ ಹೇಳಬೇಕಿತ್ತಲ್ಲ. ಮಂದಿ ಕಡೆ ಯಾಕ ಹೇಳಸ್ತೀರಿ?"

"ಹೇಳಿದ್ರ ನೀ ಕೇಳ್ತಿದ್ದಿಲ್ಲ."

"ಕೇಳ್ತಿದ್ದಿಲ್ಲ, ಖರೆ. ಆದ್ರೂ ಹೇಳಿ ನೋಡಬೇಕಿತ್ತು."

ಕಲ್ಮೇಶ ಬಿದ್ದ ಕೀಲಿ ಎತ್ತಿ ಅವಳ ಅಂಗೈಯಲ್ಲಿಟ್ಟ. "ತಪ್ಪಾತು," ಎಂದ.

"ನಂದೇನೂ ತಪ್ಪಿಲ್ಲ ಡಾಕ್ಟ್ರೇ," ವೆಂಕಟಗಿರಿ ಬಾಗಿಲ ಕಡೆ ಹೆಜ್ಜೆಯಿಟ್ಟ.

"ಪಿಸ್ಟನ್ ಅಂದ್ರಲ್ಲ."

ವೆಂಕಟಗಿರಿ ನಿಂತು, ಅವಳು ಬೆರಳಿಟ್ಟು ತೋರಿಸಿದ ಅರ್ಧ ತೊಳೆದ ಛಾವಣಿಯನ್ನು ನೋಡಿದ. "ಬ್ರಷ್ ಎಲ್ಲಿದೆ ಹೇಳಿ," ಎಂದ.

ಅತ್ತೆಗೆ ಫೋನ್ ಮಾಡಿ ಸಮಾಧಾನ ಹೇಳಿದ ಮೇಲೆ, ನಿವೇದಿತಾ ವೆಂಕಟಗಿರಿಯ ಮಡಚುವ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಳು. ಗಂಡಸರಿಬ್ಬರೂ ಮೇಲೆ. "ಒತ್ತಬ್ಯಾಡ್ರಿ! ಒಸಡು ಅಂತ ತಿಳ್ಕೊರಿ. ಗುಂಡಗ ತಿರುವ್ರಿ." ಮೊದಮೊದಲು ಗೊಣಗಿದರು. ಹಸಿರು ಕರಗಿ ಬಿಳಿ ಕಾಣುತ್ತಿದ್ದಂತೆ ಇಬ್ಬರಿಗೂ ಹುರುಪೇರಿತು. ಯಾರ ಪಾಲು ಹೆಚ್ಚು ಹೊಳೆಯುತ್ತದೆಂದು ಜಗಳವೇ ಶುರುವಾಯಿತು. ಪಾಲಿಶ್ ಮುಗಿದಾಗ ಛಾವಣಿ ಈಗಷ್ಟೇ ಹಾಲುಕ್ಕಿದಂತಿತ್ತು.

ವೆಂಕಟಗಿರಿ ಇಳಿದ. ಕಲ್ಮೇಶ ಇಳಿಯಲಿಲ್ಲ.

"ಬರ್ರಿ," ಎಂದಳು ನಿವೇದಿತಾ.

"ಹತ್ತೂಮುಂದ ನಿನ್ನ ಸಿಟ್ಟಿನ ಹೆದರಿಕಿ ಇತ್ತು. ಈಗ ಬರೇ ಎತ್ತರದ ಹೆದರಿಕಿ ಅದ," ಎಂದಿತು ಮೇಲಿನ ದನಿ.

ಅವಳಿಗೆ ನಗು ತಡೆಯಲಾಗಲಿಲ್ಲ. ವೆಂಕಟಗಿರಿ ಕೊಟ್ಟ ಪುಳಿಯೋಗರೆ ತಟ್ಟೆ ಹಿಡಿದು ತಾನೇ ಹತ್ತಿ, ಪಕ್ಕದಲ್ಲಿ ಕೂತಳು. ಒಂದೇ ತಟ್ಟೆಯಲ್ಲಿ ತಿಂದರು. ಬಯಲಿನಾಚೆ ಹಳೇ ಭತ್ತದ ಕಣಜದ ಗೋಪುರಗಳು ಬಿಸಿಲಲ್ಲಿ ಬೆಳ್ಳಗೆ ನಿಂತಿದ್ದವು.

"ಅವನ್ನ ಯಾವಾಗ ಕಟ್ಟಿದ್ರು?" ಕಲ್ಮೇಶ ಕೇಳಿದ.

"ನಾವು ಇಲ್ಲಿ ಬರೂಕ್ಕಿಂತ ಎಷ್ಟೋ ಮುಂಚೆ."

"ನಾ ನೋಡೇ ಇಲ್ಲ ನೋಡು," ಎಂದ ಅವನು. ಬೆರಳು ನೆಕ್ಕುತ್ತ, "ಮೊದಲ ಎಲ್ಲಿಗೆ ಹೋಗೂಣು?" ಎಂದ.

"ಮೊದಲ ಕೆಳಗ," ಎಂದು ಅವಳು ತಾನು ಮೊದಲು ಏಣಿಗಿಳಿದು, ಅವನ ಕಾಲನ್ನು ಹಿಡಿದು ಏಣಿಯ ಮೆಟ್ಟಿಲಿನ ಮೇಲೆ ಇಟ್ಟಳು.