ವೇದಿಕೆಯ ಮೇಲಿನ ಅಪ್ಪ

"ಲಾಕ್‌ಡೌನ್ ಮುಗಿದ ಮೇಲೆ ಅಪ್ಪ ಕೆಲಸಕ್ಕಿದ್ದ ಹೋಟೆಲು ಮುಚ್ಚಿತು," ಎಂದ ರೋಶನ್, ಹಿಂದಿಯಲ್ಲಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು. ಬಾಂದ್ರಾದ ಆ ಎಸಿ ಸಭಾಂಗಣದಲ್ಲಿ ಬಂಡವಾಳ ಹಾಕಲು ಬಂದವರೆಲ್ಲ ಮೊಬೈಲು ಕೆಳಗಿಟ್ಟರು. ಮೊದಲ ಸಾಲಿನಲ್ಲಿದ್ದ ವಿನೋದಿನಿ ಬೆಚ್ಚಿದಳು. ರೋಶನನ ಅಪ್ಪ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಹೋಟೆಲಿಗೆ ಹೋಗಿದ್ದರೆ ತಿನ್ನಲಿಕ್ಕೆ ಮಾತ್ರ.

"ದಿನಾ ಒಂದೊಂದು ಹೋಟೆಲಿನಲ್ಲಿ ಟ್ರಯಲ್. ಬೆಳಗಿನ ರಶ್ ಮುಗಿಯುವ ತನಕ ಬಿಟ್ಟಿ ದೋಸೆ ಹೊಯ್ಯಿಸಿಕೊಂಡು, ಫೋನ್ ಮಾಡ್ತೇವೆ ಅಂತ ಕಳಿಸುತ್ತಿದ್ದರು. ಅಪ್ಪ ಅಮ್ಮನಿಗೆ ಹೇಳಲಿಲ್ಲ. ನನ್ನ ಸಂಬಳವನ್ನೇ ತನ್ನದು ಅಂತ ಅಮ್ಮನ ಕೈಗಿಡುತ್ತಿದ್ದರು. ಒಮ್ಮೆ ಕುರ್ಲಾ ಸ್ಟೇಷನ್ನಿನಲ್ಲಿ ಅಳುತ್ತಾ ಕೂತಿದ್ದರು. ಹೋಟೆಲ್ ಕೆಲಸ ಹುಡುಕಿಕೊಡುವ ನಮ್ಮ ಆ್ಯಪ್ ಹುಟ್ಟಿದ್ದು ಅವತ್ತು."

ಅಳುತ್ತಾ ಕೂತವರು ವಿನೋದಿನಿಯ ಅಪ್ಪ, ಅಣ್ಣು ಪೂಜಾರಿ. ಅಮ್ಮನಿಗೆ ತಿಳಿಯಬಾರದೆಂದು ಮಗಳಿಂದ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದರು. ಹೋಟೆಲ್ ಕೆಲಸದವರಿಗೇ ಆ್ಯಪ್ ಯಾಕೆ ಎಂದು ರೋಶನ್ ಕೇಳಿದಾಗ ಅವಳು ಹೇಳಿಬಿಟ್ಟಿದ್ದಳು. ಜೊತೆಗೆ ಕಂಪನಿ ಕಟ್ಟುವವನ ಹತ್ತಿರ ಎಂಥ ಮುಚ್ಚುಮರೆ! ಅವತ್ತು ಅವನ ಕಣ್ಣು ತುಂಬಿತ್ತು. ಆಹಾ, ಏನು ಮರುಕ! ಒಂದು ಮಾತೂ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದ, ಪುಣ್ಯಾತ್ಮ.

ಚಪ್ಪಾಳೆ ನಿಂತ ಮೇಲೆ ಅವಳು ಅವನನ್ನು ಹೊರಗೆ ಎಳೆದುಕೊಂಡು ಹೋದಳು.

"ಎಂತ ಮಾಡಿದಿ ಮಾರಾಯ ನೀನು?"

"ಅರೆ ವಿನ್ನು, ಯಾಕೆ ಶುರು ಮಾಡಿದ್ರಿ ಅಂತ ಇವರು ಕೇಳ್ತಾರೆ. ದುಡ್ಡು ಮಾಡ್ಲಿಕ್ಕೆ ಅಂದ್ರೆ ಒಂದು ಪೈಸೆ ಹುಟ್ತದಾ? ನಿನ್ನ ಹೆಸರು ಹೇಳ್ಲಿಲ್ವಲ್ಲ?"

"ಟ್ರಯಲಿಗೂ ಕೂಲಿ ಕೊಡಬೇಕು ಅನ್ನುವ ನಮ್ಮ ರೂಲು? ಅದನ್ನು ಯಾಕೆ ಹೇಳ್ಲಿಲ್ಲ?"

"ಅದು ತೆಗೆದ್ವಿ ಯಾರ್. ಹೋಟೆಲಿನವರು ಒಪ್ಪುವುದಿಲ್ಲ."

"ತೆಗೆದ್ವಿ ಅಂದ್ರೆ ಯಾರು? ನಾನು ಇದ್ದೆನಾ?"

ಒಳಗಿನಿಂದ ಯಾರೋ ಕರೆದರು. ಅವನು ನಗುತ್ತಾ ಹೋಗಿಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು. ಭಾಂಡುಪಿನ ಅವಳ ಮನೆಯಲ್ಲಿ ಅದೇ ಅಪ್ಪ ಹೊಯ್ದ ದೋಸೆಯನ್ನು ಎಷ್ಟು ಸಲ ತಿಂದಿದ್ದ! ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಅಮ್ಮನ ಕಿವಿಗೆ ಬೀಳುವ ಮೊದಲು ಅಪ್ಪನಿಗೆ ಹೇಳಬೇಕೆಂದು ಅವಳು ಸಿಕ್ಕಿದ ಲೋಕಲ್ ರೈಲು ಹತ್ತಿದಳು.

ಸಭೆಯಲ್ಲಿ ಯಾರೋ ತೆಗೆದು ಹಂಚಿದ ರೋಶನನ ಭಾಷಣದ ವೀಡಿಯೊ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅಮ್ಮ ದೇವಕ್ಕ ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟು ನೋಡುತ್ತಿದ್ದರು. ಪಕ್ಕದಲ್ಲಿ ಅಪ್ಪ ಈರುಳ್ಳಿ ಹೆಚ್ಚುತ್ತಿದ್ದರು.

"ಬಂದಿಯಾ? ರೋಶನ್ ಎಷ್ಟು ಚಂದ ಮಾತಾಡ್ತಾನೆ! ಅವನ ಅಪ್ಪನಿಗೆ ಹೀಗೆಲ್ಲ ಆಗಿತ್ತಂತೆ, ಪಾಪ," ಎಂದು ದೇವಕ್ಕ ಕಣ್ಣೊರೆಸಿಕೊಂಡರು. "ಆದ್ರೂ ಅವನ ಅಮ್ಮ ಎಂಥ ಪೆದ್ದು ಹೆಂಗಸು! ಗಂಡನ ಮುಖ ನೋಡಿದ್ರೆ ಗೊತ್ತಾಗುವುದಿಲ್ವಾ?" ಮತ್ತೆ ಗಂಡನ ಕಡೆ ತಿರುಗಿ ನಕ್ಕರು. "ನಮ್ಮ ಇವರಾದ್ರೆ ನನ್ನ ಹತ್ರ ಒಂದು ದಿನವೂ ಮುಚ್ಚಿಡಲಿಕ್ಕಿಲ್ಲ. ಅಲ್ವಾ?"

"ಹ್ಞೂಂ," ಎಂದರು ಅಣ್ಣು ಪೂಜಾರಿ.

ವಿನೋದಿನಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪಾ..."

ಅವರು ಹೆಚ್ಚಿ ಮುಗಿದಿದ್ದ ಈರುಳ್ಳಿಯನ್ನು ಹತ್ತಿರ ಎಳೆದುಕೊಂಡು, ಮತ್ತೆ ಸಣ್ಣಗೆ ಹೆಚ್ಚತೊಡಗಿದರು.